ಜಿಯೋಟ್ಯಾಗ್ ಮೇಷ್ಟ್ರು

ಸರ್ಕಾರಿ ಪದವಿ ಕಾಲೇಜಿನಲ್ಲಿ ಸ್ಮಾರ್ಟ್ ಬೋರ್ಡಿನ ರಿಮೋಟ್ ಎಲ್ಲಿರುತ್ತದೆ ಎಂದು ತಿಳಿದುಕೊಂಡರೆ ನಮ್ಮ ಉನ್ನತ ಶಿಕ್ಷಣ ಅರ್ಧ ಅರ್ಥವಾದಂತೆ. ಅದು ಪ್ರಿನ್ಸಿಪಾಲರ ಕೊಠಡಿಯ ಬೀರುವಿನಲ್ಲಿ, ಕ್ರೀಡಾಕೂಟದ ಕಪ್ಪುಗಳ ಹಿಂದೆ, ಪ್ಲಾಸ್ಟಿಕ್ ಕವರಿನ ಸಮೇತ ಇರುತ್ತದೆ. ಬೀರುವಿನ ಕೀಲಿಕೈ ಸೂಪರಿಂಟೆಂಡೆಂಟರ ಹತ್ತಿರ. ಸೂಪರಿಂಟೆಂಡೆಂಟರು ಫೈಲು ಹಿಡಿದುಕೊಂಡು ಜಂಟಿ ನಿರ್ದೇಶಕರ ಕಚೇರಿಗೆ ಹೋಗಿದ್ದಾರೆ. ಉಳಿದರ್ಧವೂ ಅರ್ಥವಾಗಬೇಕಿದ್ದರೆ, ರಿಮೋಟನ್ನು ಬೀರುವಿನೊಳಗೆ ಇಟ್ಟದ್ದೇಕೆ ಎಂದು ಕೇಳಬೇಕು. ಕಳೆದುಹೋದರೆ ಯಾರ ಸಂಬಳದಲ್ಲಿ ಹಿಡಿಯುವುದು ಸ್ವಾಮಿ? ದಾಸ್ತಾನು ಪುಸ್ತಕದಲ್ಲಿ ‘ರಿಮೋಟ್ – 1’ ಎಂದು ದಾಖಲಾಗಿದೆ. ಆಡಿಟ್‌ನವರು ಬಂದು ರಿಮೋಟ್ ತೋರಿಸಿ ಎನ್ನುತ್ತಾರೆ. ಅದನ್ನು ಒತ್ತಿ ಏನು ಪಾಠ ಮಾಡಿದಿರಿ, ತೋರಿಸಿ ಎನ್ನುವ ಆಡಿಟ್ ಇನ್ನೂ ಹುಟ್ಟಿಲ್ಲ.

ಅಧ್ಯಾಪಕರು ತಂತ್ರಜ್ಞಾನ ಬಳಸುವುದಿಲ್ಲ, ಹೊಸದೆಂದರೆ ಅವರಿಗೆ ಮೈಪರಚಿಕೊಳ್ಳುವಂತಾಗುತ್ತದೆ, ಚಾಕ್‌ಪೀಸಿನ ಧೂಳಿಗೇ ಒಗ್ಗಿಹೋಗಿದ್ದಾರೆ ಎಂದು ವಿಧಾನಸೌಧದಿಂದ ದೆಹಲಿಯವರೆಗೂ ದೂರು. ಆದ್ದರಿಂದ ಅವರಿಗೆ ನೆರವು ಕೊಡಬೇಕಂತೆ. ನೆರವಿನ ವಿಷಯದಲ್ಲಿ ನಮ್ಮ ಸರ್ಕಾರಗಳು ಎಂದೂ ಜಿಪುಣತನ ತೋರಿಸಿದವಲ್ಲ. ಪ್ರೊಜೆಕ್ಟರಿಗೆ ನೆರವು ಕೊಟ್ಟಿವೆ, ಪರದೆಗೆ ಕೊಟ್ಟಿವೆ, ಯುಪಿಎಸ್‌ಗೆ ಕೊಟ್ಟಿವೆ, ಇವನ್ನೆಲ್ಲ ಸರಬರಾಜು ಮಾಡಿದ ಪುಣ್ಯಾತ್ಮರಿಗಂತೂ ಧಾರಾಳವಾಗಿ ಕೊಟ್ಟಿವೆ. ಈ ಸರತಿಯಲ್ಲಿ ಮೇಷ್ಟ್ರು ಎಲ್ಲಿ ನಿಂತಿದ್ದಾರೆ ಎಂಬುದಷ್ಟೇ ಪ್ರಶ್ನೆ.

ತಾಲ್ಲೂಕು ಕೇಂದ್ರದ ಯಾವುದೋ ಒಂದು ಕಾಲೇಜು ಎಂದಿಟ್ಟುಕೊಳ್ಳಿ. ಹತ್ತೂವರೆಗೆ ಬಿ.ಎ. ಎರಡನೆಯ ವರ್ಷದ ಅರ್ಥಶಾಸ್ತ್ರ. ಮೇಷ್ಟ್ರು ರಾತ್ರಿ ಕೂತು ಬೇಡಿಕೆ ಮತ್ತು ಪೂರೈಕೆಯ ರೇಖೆಗಳನ್ನು ಪಿಪಿಟಿ ಮಾಡಿಕೊಂಡು, ಪೆನ್‌ಡ್ರೈವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಉತ್ಸಾಹದಿಂದ ಬಂದಿದ್ದಾರೆ. ಪ್ರೊಜೆಕ್ಟರ್ ಚಾವಣಿಯಲ್ಲಿದೆ, ವೈರು ಇಲ್ಲ.

“ಏನಪ್ಪಾ, ವೈರೆಲ್ಲಿ?”

“ಕೆಮಿಸ್ಟ್ರಿ ಲ್ಯಾಬಿಗೆ ಹೋಗದೆ ಸಾ. ಅವರದ್ದು ಇಲಿ ಕಡಿದಾಕ್ಬುಡ್ತು.”

“ತಗೊಂಡು ಬಾ ಮತ್ತೆ.”

“ಮೇಡಂ ಕ್ಲಾಸ್ ನಡೀತಾದೆ. ಹೆಂಗ್ ಸಾ ಕಿತ್ಕೊಂಡು ಬರದು?”

ಅಟೆಂಡರ್ ಹೋಗಿ, ವೈರು ಬಂದು, ಸಿಕ್ಕಿಸಿದ ಮೇಲೆ ಪರದೆಯ ತುಂಬ ನೀಲಿ ಬಣ್ಣ ಬರುತ್ತದೆ. ಸಿಗ್ನಲ್ ಇಲ್ಲ ಎಂಬ ಸಂದೇಶ ಈ ಮೂಲೆಯಿಂದ ಆ ಮೂಲೆಗೆ ತೇಲುತ್ತಿರುತ್ತದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ಬರುತ್ತಾನೆ. ಅವನು ಭಾನುವಾರಗಳಲ್ಲಿ ಮದುವೆ ಮನೆಗಳಿಗೆ ಎಲ್‌ಇಡಿ ಪರದೆ ಕಟ್ಟಲು ಹೋಗುತ್ತಾನೆ. ಹಾಜರಾತಿ ಕಡಿಮೆ, ಎರಡು ವಿಷಯ ಬ್ಯಾಕ್‌ಲಾಗ್. ಲ್ಯಾಪ್‌ಟಾಪಿನಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತುತ್ತಾನೆ, ರೇಖೆಗಳು ಬೆಳಗುತ್ತವೆ. ಇಡೀ ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಬೋಧಕರಿಗೆ ತಂತ್ರಜ್ಞಾನದ ನೆರವು ನೀಡುವ ಏಕೈಕ ಕಾರ್ಯನಿರತ ವ್ಯವಸ್ಥೆ ಈ ಹುಡುಗ. ಅವನಿಗೆ ಆಂತರಿಕ ಅಂಕ ಹತ್ತರಲ್ಲಿ ನಾಲ್ಕು. ಅಷ್ಟು ಹೊತ್ತಿಗೆ ಗಂಟೆ ಹೊಡೆಯುತ್ತದೆ, ಅಥವಾ ಕರೆಂಟು ಹೋಗುತ್ತದೆ. ಯಾವುದು ಮೊದಲು ಎಂಬುದು ಊರನ್ನು ಅವಲಂಬಿಸಿದೆ.

ಹಾಗಂತ ದೇಶ ಪ್ರಯತ್ನಪಟ್ಟಿಲ್ಲ ಎನ್ನುವಂತಿಲ್ಲ. 1984ರ ಆಗಸ್ಟ್ 15ರಂದು ಯುಜಿಸಿ ದೂರದರ್ಶನದಲ್ಲಿ ‘ಕಂಟ್ರಿವೈಡ್ ಕ್ಲಾಸ್‌ರೂಮ್’ ಶುರುಮಾಡಿತು. ಒಳ್ಳೆಯ ಕಾರ್ಯಕ್ರಮಗಳೇ. ಪ್ರಸಾರ ಮಾತ್ರ ಹಗಲು ಹೊತ್ತಿನಲ್ಲಿ. ವಿದ್ಯಾರ್ಥಿಗಳು ಕಾಲೇಜಿನಲ್ಲಿ, ಟೀವಿ ಮನೆಯಲ್ಲಿ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿತು. ಶಿಕ್ಷಣಕ್ಕೆಂದೇ ಮೀಸಲಾದ ಭಾರತದ ಮೊದಲ ಉಪಗ್ರಹ. ಪ್ರಾಯೋಗಿಕ ಹಂತಕ್ಕೆ ಆರಿಸಿಕೊಂಡ ವಿಶ್ವವಿದ್ಯಾಲಯಗಳಲ್ಲಿ ನಮ್ಮ ವಿಟಿಯು ಕೂಡ ಒಂದು. ಕಾಲೇಜುಗಳ ತಾರಸಿಯ ಮೇಲೆ ತಟ್ಟೆ ಆಂಟೆನಾಗಳು ಎದ್ದವು. ಆರೇ ವರ್ಷ, 2010ರಲ್ಲಿ ಉಪಗ್ರಹ ಸೇವೆಯಿಂದ ನಿವೃತ್ತವಾಯಿತು, ಹೊಸ ಪಿಂಚಣಿ ಯೋಜನೆಯವರ ಹಾಗೆ ಬರಿಗೈಲಿ. 2017ರ ಜುಲೈನಲ್ಲಿ ‘ಸ್ವಯಂ’ ಎಂಬ ಆನ್‌ಲೈನ್ ಕೋರ್ಸುಗಳ ತಾಣ ಬಂತು. 2021ರಲ್ಲಿ ಯುಜಿಸಿ ಒಂದು ಸೆಮಿಸ್ಟರಿನ ಶೇಕಡ 40ರಷ್ಟು ಕೋರ್ಸುಗಳನ್ನು ಅದರ ಮೂಲಕವೇ ಮಾಡಿಕೊಳ್ಳಬಹುದು ಎಂದಿತು. ಮೇಷ್ಟ್ರಿಗೆ ಕೊಟ್ಟ ನೆರವುಗಳಲ್ಲಿ ಇದು ನೇರವಾದದ್ದು: ಶೇಕಡ 40 ಮೇಷ್ಟ್ರನ್ನು ಕಡಿಮೆ ಮಾಡಿಬಿಟ್ಟರೆ ಅಷ್ಟರ ಮಟ್ಟಿಗೆ ಅವರ ತೊಂದರೆಯೂ ಕಡಿಮೆ.

ಈ ಎಲ್ಲ ಯೋಜನೆಗಳಲ್ಲೂ ಒಂದು ನಂಬಿಕೆ ಗಟ್ಟಿಯಾಗಿದೆ. ಪಾಠ ಮೇಲಿನಿಂದ ಬೀಳಬೇಕು. ಮೊದಲು ದೆಹಲಿಯ ಸ್ಟುಡಿಯೋದಿಂದ, ಆಮೇಲೆ ಆಕಾಶದಿಂದ, ಈಗ ಕ್ಲೌಡಿನಿಂದ. ಕೆಳಗೆ ನಿಂತವರ ಕೆಲಸ ಬೊಗಸೆ ಒಡ್ಡುವುದು, ಬಿತ್ತು ಎಂದು ಸಹಿ ಹಾಕುವುದು.

ಸಹಿಯ ಮಾತು ಬಂದದ್ದರಿಂದ ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ವಿಷಯಕ್ಕೆ ಬರೋಣ. ಅದರ ಮುಖ್ಯ ಕಚೇರಿ ನಮ್ಮ ನಾಗರಭಾವಿಯಲ್ಲೇ ಇರುವುದು ಕನ್ನಡಿಗರ ಭಾಗ್ಯ. ಕಾಲೇಜುಗಳು ಇಷ್ಟು ವರ್ಷ ಎದುರಿಸಿದ ನ್ಯಾಕ್ ಕೈಪಿಡಿಯಲ್ಲಿ, ಬೋಧಕರು ಪರಿಣಾಮಕಾರಿ ಬೋಧನೆಗೆ ಐಸಿಟಿ ಸಾಧನ ಬಳಸುತ್ತಾರೆಯೇ ಎಂಬುದಕ್ಕೆ ಒಂದು ಅಂಕಣವಿತ್ತು. ಉತ್ತರವನ್ನು ಇನ್ನೂರು ಪದಗಳೊಳಗೆ ಬರೆಯಬೇಕಿತ್ತು. ಬೋಧನೆ ಪರಿಣಾಮಕಾರಿಯಾಯಿತೇ ಎಂದು ವಿದ್ಯಾರ್ಥಿಯ ಮುಖ ನೋಡಿ ತಿಳಿಯುವ ಹಳೆಯ ಪದ್ಧತಿಗೆ ಪದಗಳ ಮಿತಿ ಇರಲಿಲ್ಲ, ಆದ್ದರಿಂದ ಅದು ಅವೈಜ್ಞಾನಿಕ. ಐಸಿಟಿ ಕೊಠಡಿಗಳೆಷ್ಟು ಎಂಬುದಕ್ಕೆ ಬೇರೆ ಅಂಕಣ. ಅದಕ್ಕೆ ಜಿಯೋಟ್ಯಾಗ್ ಮಾಡಿದ ಫೋಟೋ ಬೇಕಿತ್ತು.

ಜಿಯೋಟ್ಯಾಗ್ ಫೋಟೋ ನೋಡದವರು ಪುಣ್ಯವಂತರು. ಕೆಳಗಡೆ ಪುಟ್ಟ ನಕ್ಷೆ, ಅಕ್ಷಾಂಶ, ರೇಖಾಂಶ, ದಿನಾಂಕ, ಗಂಟೆ. ಮೇಲ್ಗಡೆ ಮೇಷ್ಟ್ರು, ಪರದೆಯತ್ತ ಕೈಚಾಚಿ, ಕ್ಯಾಮರಾ ಕಡೆ ಮುಖ ಮಾಡಿ. ಎದುರಿಗೆ ಅಚ್ಚುಕಟ್ಟಾಗಿ ಸಮವಸ್ತ್ರ ತೊಟ್ಟ ವಿದ್ಯಾರ್ಥಿಗಳು. ನ್ಯಾಕ್‌ಗೆ ವರದಿ ಸಲ್ಲಿಸುವುದಕ್ಕೆ ಮುಂಚಿನ ವಾರ ಇಂಥ ಫೋಟೋಗಳ ಶೂಟಿಂಗ್ ಬೆಳಗ್ಗಿನಿಂದ ಸಂಜೆಯವರೆಗೆ ನಡೆಯುತ್ತದೆ. ಒಂದೇ ಕೊಠಡಿಗೆ ಇತಿಹಾಸದವರು, ವಾಣಿಜ್ಯದವರು, ಸಸ್ಯಶಾಸ್ತ್ರದವರು ಸರದಿಯಲ್ಲಿ ಬಂದು ಕೈಚಾಚಿ ಹೋಗುತ್ತಾರೆ. ವಿದ್ಯಾರ್ಥಿಗಳು ಮಾತ್ರ ಬದಲಾಗುವುದಿಲ್ಲ. ಅದೇ ಅಂತಿಮ ಬಿ.ಕಾಂ. ಹುಡುಗಿಯರು ಆ ದಿನ ಶಿಲಾಶಾಸನದಿಂದ ಪತ್ರಹರಿತ್ತಿನವರೆಗೆ ಎಲ್ಲ ವಿಷಯಗಳಲ್ಲೂ ತಲ್ಲೀನರಾಗಿರುತ್ತಾರೆ. ಅಕ್ಷಾಂಶ ರೇಖಾಂಶಗಳು ಕರಾರುವಾಕ್ಕು. ಭೂಮಿಯ ಮೇಲೆ ಈ ಪಾಠ ಎಲ್ಲಿ ನಡೆಯಲಿಲ್ಲ ಎಂಬುದನ್ನು ನಾವೀಗ ಸೆಕೆಂಡುಗಳ ನಿಖರತೆಯಲ್ಲಿ ಹೇಳಬಲ್ಲೆವು.

2021ರ ಜೂನ್‌ನಲ್ಲಿ ಸುಳ್ಯದ ಕಡೆ ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿಗೆ ಅವಳ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ಎಲ್ಲರೂ ನೋಡಿದ್ದೀರಿ. ಅವಳು ಹೈಸ್ಕೂಲಿನವಳು, ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಬಂದಿದ್ದರೂ ಆ ಫೋಟೋ ಯಾವ ಅಂಕಣಕ್ಕೂ ಹೊಂದುತ್ತಿರಲಿಲ್ಲ. ಅಲ್ಲಿ ಕಲಿಕೆ ಕಾಣುತ್ತದೆ, ಕಾಲೇಜಿನ ಬ್ಯಾನರ್ ಕಾಣುವುದಿಲ್ಲ.

ಮತ್ತೆ ನ್ಯಾಕ್‌ಗೆ ಬಂದರೆ, 2025ರ ಫೆಬ್ರವರಿಯಲ್ಲಿ ಆಂಧ್ರದ ಒಂದು ಸಂಸ್ಥೆಗೆ ಒಳ್ಳೆಯ ದರ್ಜೆ ಕೊಡಲು ಲಂಚ ಪಡೆದರೆಂಬ ಆರೋಪದ ಮೇಲೆ ಸಿಬಿಐ ನ್ಯಾಕ್ ತಪಾಸಣಾ ತಂಡದವರನ್ನು ಬಂಧಿಸಿತು. ವಶಪಡಿಸಿಕೊಂಡದ್ದರಲ್ಲಿ ನಗದಿನ ಜತೆಗೆ ಲ್ಯಾಪ್‌ಟಾಪುಗಳೂ ಇದ್ದವು. ತಂಡದಲ್ಲಿದ್ದವರೂ ಪ್ರಾಧ್ಯಾಪಕರೇ ಎಂಬುದನ್ನು ಮರೆಯಬಾರದು. ಆರೋಪ ಸಾಬೀತಾದರೆ, ಟೆಂಡರ್ ಇಲ್ಲದೆ, ವಿಳಂಬವಿಲ್ಲದೆ, ಫಲಾನುಭವಿಯ ಕೈಗೇ ನೇರವಾಗಿ ಲ್ಯಾಪ್‌ಟಾಪ್ ತಲುಪಿಸಿದ ಅಪರೂಪದ ಯೋಜನೆ ಎಂದು ಅದನ್ನು ಅಧ್ಯಯನ ಮಾಡಬೇಕಾಗುತ್ತದೆ.

ಇನ್ನು ಬಡ್ತಿ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಅಂಕಗಳ ಒಂದು ಪಟ್ಟಿಯಿದೆ. ಭಾಷೆ, ಮಾನವಿಕಗಳವರು ವರ್ಷಗಟ್ಟಲೆ ತಿಣುಕಿ ಒಂದು ಸಂಶೋಧನಾ ಲೇಖನ ಪ್ರಕಟಿಸಿದರೆ 10 ಅಂಕ, ವಿಜ್ಞಾನದವರಿಗೆ 8. ನಾಲ್ಕು ಭಾಗಗಳಿರುವ ಪೂರ್ಣ ಆನ್‌ಲೈನ್ ಕೋರ್ಸ್ ತಯಾರಿಸಿದರೆ 20. ತಪ್ಪಿಲ್ಲ, ಕೋರ್ಸು ಕಟ್ಟುವುದು ಸಣ್ಣ ಕೆಲಸವಲ್ಲ. ಆದರೆ ಬೆಳಗ್ಗೆ ಹತ್ತೂವರೆಗೆ, ಎದುರಿಗೆ ಕೂತ ಅರವತ್ತು ಮಂದಿಗೆ ಬೇಡಿಕೆಯ ಆ ರೇಖೆ ಅರ್ಥವಾಗುವಂತೆ ಪರದೆಯ ಮೇಲೆ ತೋರಿಸಿದರೆ ಆ ಪಟ್ಟಿಯಲ್ಲಿ ಎಷ್ಟು ಅಂಕ ಎಂದು ಹುಡುಕಿದೆ. ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು ಎಂಬ ಸಾಲು ಸಿಕ್ಕಿತು. ಇಲಿ ಕಡಿದ ವೈರು ಹುಡುಕುವುದಕ್ಕೆ, ಪಿಪಿಟಿ ಮಾಡುವುದಕ್ಕೆ, ಮಾಡಿದ್ದು ಕೈಕೊಟ್ಟಾಗ ಇನ್ನೊಂದು ದಾರಿ ಯೋಚಿಸುವುದಕ್ಕೆ ವಾರದಲ್ಲಿ ಒಂದು ಗಂಟೆ ಎಂದು ಎಲ್ಲೂ ಸಿಗಲಿಲ್ಲ. ಅದೆಲ್ಲ ಮನೆಯಲ್ಲಿ ಮಾಡಿಕೊಳ್ಳಬೇಕಾದ ಪೂಜೆ.

ತರಬೇತಿ ಕೊಡುತ್ತಾರಲ್ಲ ಎನ್ನುತ್ತೀರಿ. ಕೊಡುತ್ತಾರೆ. 1987ರಿಂದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳೆಂಬ ಹೆಸರಿನಲ್ಲಿ ಕೊಟ್ಟರು. ಆಮೇಲೆ ಹೆಸರು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರವಾಯಿತು. 2023ರಲ್ಲಿ ಮಾಳವೀಯ ಮಿಷನ್ನಿನ ಬೋಧಕರ ತರಬೇತಿ ಕೇಂದ್ರವಾಯಿತು. ಮೈಸೂರು, ಧಾರವಾಡಗಳಲ್ಲಿ ಕೂತು ತರಬೇತಿ ಪಡೆದು, ಊಟದ ರುಚಿ ಹೊಗಳುತ್ತ, ಜೀವದ ಗೆಳೆಯರನ್ನು ಸಂಪಾದಿಸಿಕೊಂಡು ಬಂದ ಒಂದು ತಲೆಮಾರೇ ಇದೆ; ಆ ಕೇಂದ್ರಗಳ ಋಣ ನಾನು ತೀರಿಸಲಾರೆ. ಈಗಿನದು ಬಹುಪಾಲು ಆನ್‌ಲೈನ್. ‘ಬೋಧನೆಯಲ್ಲಿ ಕೃತಕ ಬುದ್ಧಿಮತ್ತೆ: ಅವಕಾಶ ಮತ್ತು ಸವಾಲು’, ಐದು ದಿನ, ಕ್ಯಾಮರಾ ಆಫ್. ಮೇಷ್ಟ್ರು ಲಾಗಿನ್ ಆಗಿ ಬಿ.ಎ. ತರಗತಿಗೆ ಹೋಗಿರುತ್ತಾರೆ. ಸಂಪನ್ಮೂಲ ವ್ಯಕ್ತಿ “ನನ್ನ ಸ್ಕ್ರೀನ್ ಕಾಣಿಸ್ತಿದೆಯಾ?” ಎನ್ನುತ್ತಾರೆ, ಯಾರೋ ಒಬ್ಬ ಧರ್ಮಾತ್ಮ “ಕಾಣಿಸ್ತಿದೆ ಸರ್” ಎನ್ನುತ್ತಾನೆ. ಕೊನೆಗೆ ಗೂಗಲ್ ಫಾರ್ಮ್. ತರಬೇತಿ ಹೇಗಿತ್ತು? ಅತ್ಯುತ್ತಮ, ಬಹಳ ಉತ್ತಮ, ಉತ್ತಮ. ನಾಲ್ಕನೆಯ ಆಯ್ಕೆ ಇಡುವ ದುಸ್ಸಾಹಸ ಯಾರೂ ಮಾಡಿಲ್ಲ. ಫಾರ್ಮ್ ತುಂಬಿದ ಕ್ಷಣದಲ್ಲಿ ಸರ್ಟಿಫಿಕೇಟು ಮೇಲ್‌ಗೆ ಬಂದು ಬೀಳುತ್ತದೆ. ಇಡೀ ವ್ಯವಸ್ಥೆಯಲ್ಲಿ ಒಮ್ಮೆಯೂ ಕೈಕೊಡದೆ ಕೆಲಸ ಮಾಡುವ ತಂತ್ರಜ್ಞಾನ ಅದೊಂದೇ.

ತರಬೇತಿಯಲ್ಲಿ ಬ್ಲಾಕ್‌ಚೈನ್ ಬಗ್ಗೆ ಹೇಳುತ್ತಾರೆ, ಮೆಟಾವರ್ಸ್ ಬಗ್ಗೆ ಹೇಳುತ್ತಾರೆ. ಕನ್ನಡ ಮೇಡಂ ಕೇಳಬೇಕೆಂದುಕೊಂಡ ಪ್ರಶ್ನೆ ಮಾತ್ರ ಚಾಟ್ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅವರ ಕಷ್ಟ ಇಷ್ಟು: ಮನೆಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಅಲ್ಲಮನ ವಚನ ಕಾಲೇಜಿನ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಬ್ರಾಕೆಟ್ಟು, ಪೌಂಡ್ ಚಿಹ್ನೆಗಳ ರಾಶಿಯಾಗಿ ಬರುತ್ತದೆ. ಬೆಡಗಿನ ವಚನವೆಂದು ಹೇಳಿ ಒಂದು ತರಗತಿ ಸಂಭಾಳಿಸಬಹುದು, ವರ್ಷವಿಡೀ ಆಗುವುದಿಲ್ಲ. ಕನ್ನಡ ಯೂನಿಕೋಡಿಗೆ ಸೇರಿದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ. ಇಷ್ಟು ವರ್ಷವಾದರೂ ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ತಂತ್ರಾಂಶ ಇದೆ, ಹೀಗೆ ಒತ್ತಿ, ಹೀಗೆ ಉಳಿಸಿ ಎಂದು ಮೇಡಂ ಪಕ್ಕ ಕೂತು ಹತ್ತು ನಿಮಿಷ ತೋರಿಸುವವರು ಬರಲಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಉದ್ಘಾಟನೆ ಮಾಡಿಸುವುದು ಕಷ್ಟ. ದೀಪ ಹಚ್ಚುವುದಕ್ಕೇ ಇಪ್ಪತ್ತು ನಿಮಿಷ ಬೇಕು.

2021ರಲ್ಲಿ ಕರ್ನಾಟಕ ಹೊಸ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ಅಪ್ಪಿಕೊಂಡಾಗ ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ವಿಷಯವೂ ಪದವಿ ತರಗತಿಗೆ ಬಂತು. ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್ ಕಂಪ್ಯೂಟಿಂಗ್. ಕಂಪ್ಯೂಟರ್ ವಿಭಾಗವಿಲ್ಲದ ಕಾಲೇಜಿನಲ್ಲಿ ಇದನ್ನು ಯಾರು ಪಾಠ ಮಾಡಬೇಕು? ಯಾರಿಗೆ ಕಾರ್ಯಭಾರ ಕಡಿಮೆ ಬೀಳುತ್ತದೋ ಅವರು. ಕಪ್ಪು ಹಲಗೆಯ ಮೇಲೆ ಬಿಳಿ ಚಾಕಿನಲ್ಲಿ ಒಂದು ಮೋಡ ಬರೆದು, ಅದರ ಕೆಳಗೆ ಮೂರು ಪೆಟ್ಟಿಗೆ ಬರೆದು, “ಇದು ಕ್ಲೌಡ್, ಪರೀಕ್ಷೆಗೆ ಬರುತ್ತೆ” ಎಂದು ಹೇಳಿ ಅವರು ಗೌರವ ಉಳಿಸಿಕೊಂಡರು. ಆ ಮೋಡ ಅಳಿಸುವ ಹೊತ್ತಿಗೆ, 2024ರಲ್ಲಿ, ರಾಜ್ಯ ಆ ನೀತಿ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು.

ಅದೇ 2021ರಲ್ಲಿ ಬಂದ ಇನ್ನೊಂದು ಅತಿಥಿ ಯುಯುಸಿಎಂಎಸ್. ಪ್ರವೇಶ, ಪರೀಕ್ಷೆ, ಆಂತರಿಕ ಅಂಕ, ಫಲಿತಾಂಶ, ಅಂಕಪಟ್ಟಿ, ರಾಜ್ಯದ ವಿಶ್ವವಿದ್ಯಾಲಯಗಳದ್ದೆಲ್ಲ ಒಂದೇ ಜಾಲತಾಣದಲ್ಲಿ. ಕಲ್ಪನೆ ಸೊಗಸಾಗಿದೆ. ಅಧ್ಯಾಪಕರಿಗೆ ಕಂಪ್ಯೂಟರ್ ಬರುವುದಿಲ್ಲ ಎನ್ನುವವರು ಅಂಕ ತುಂಬಿಸುವ ಕೊನೆಯ ದಿನ ಯಾವುದಾದರೂ ಕಾಲೇಜಿಗೆ ಬಂದು ನೋಡಬೇಕು. ಸರ್ವರ್ ಸುತ್ತುತ್ತಿರುತ್ತದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇರುವ ರಾಜ್ಯಶಾಸ್ತ್ರದ ಮೇಷ್ಟ್ರು ಒಂದು ಕೈಯಲ್ಲಿ ಮೊಬೈಲಿನ ಓಟಿಪಿ, ಇನ್ನೊಂದು ಕೈಯಲ್ಲಿ ಮೌಸ್ ಹಿಡಿದು, ಎರಡು ಬ್ರೌಸರ್ ತೆರೆದು, ಮಧ್ಯರಾತ್ರಿ ಸರ್ವರ್ ಹಗುರವಾಗುವ ಗಳಿಗೆಗೆ ಅಲಾರಾಂ ಇಟ್ಟುಕೊಂಡು ಕೂತಿರುತ್ತಾರೆ. ತಂತ್ರಜ್ಞಾನ ಕಲಿಯಲಾಗದವರು ಇವರೇ? ಕಲಿಯಲೇಬೇಕಾದಾಗ ಯಾರ ತರಬೇತಿಯೂ ಇಲ್ಲದೆ ಕಲಿತಿದ್ದಾರೆ. ಕಲಿತದ್ದನ್ನು ಪಾಠಕ್ಕೆ ಬಳಸಲು ಹೊತ್ತು ಉಳಿಯಲಿಲ್ಲ, ಅಷ್ಟೇ. ಮೇಷ್ಟ್ರಿಗೆ ಕೊಟ್ಟ ಕಂಪ್ಯೂಟರು ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತದೆ, ಮೇಲಿನವರಿಗೆ ಲೆಕ್ಕ ಒಪ್ಪಿಸುತ್ತ. ಒಂದೇ ಮಾಹಿತಿಯನ್ನು ಇಲಾಖೆಗೆ ಎಕ್ಸೆಲ್‌ನಲ್ಲಿ, ವಿಶ್ವವಿದ್ಯಾಲಯಕ್ಕೆ ಪಿಡಿಎಫ್‌ನಲ್ಲಿ, ನ್ಯಾಕ್‌ಗೆ ಅವರದೇ ನಮೂನೆಯಲ್ಲಿ, ವಾಟ್ಸ್ಯಾಪಿನಲ್ಲಿ ‘ತುರ್ತು, ಇಂದು ಮಧ್ಯಾಹ್ನ 2ರೊಳಗೆ’.

ಈ ತುರ್ತನ್ನೆಲ್ಲ ನಿಜವಾಗಿ ನಿಭಾಯಿಸುವವರು ಅತಿಥಿ ಉಪನ್ಯಾಸಕರು. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ 2023ರ ಹೊತ್ತಿಗೆ ಅವರ ಸಂಖ್ಯೆ ಹತ್ತು ಸಾವಿರದ ಆಸುಪಾಸು ಇತ್ತು. ವಯಸ್ಸು ಕಡಿಮೆ, ಕೈ ಚುರುಕು. ಕಾಯಂ ಮೇಷ್ಟ್ರ ಪಿಪಿಟಿ, ಪ್ರಿನ್ಸಿಪಾಲರ ಪ್ರಸ್ತಾವನೆ, ಕಾಲೇಜಿನ ಯೂಟ್ಯೂಬ್ ಚಾನೆಲ್, ಜಿಯೋಟ್ಯಾಗ್ ಶೂಟಿಂಗ್ ಎಲ್ಲ ಅವರದೇ. 2022ರ ಜನವರಿಯಲ್ಲಿ ಅವರ ಗೌರವಧನ ಏರಿತು, ಜತೆಗೆ ವಾರದ ಕಾರ್ಯಭಾರವೂ ಏರಿತು. ಕೆಲವರಿಗೆ ಗೌರವಧನ ದುಪ್ಪಟ್ಟು, ಇನ್ನು ಕೆಲವರಿಗೆ ಕೆಲಸವೇ ಇಲ್ಲ. 2023ರ ಕೊನೆಯಲ್ಲಿ ಕಾಯಂ ಮಾಡಿ ಎಂದು ಅವರು ತರಗತಿ ಬಹಿಷ್ಕರಿಸಿ ಧರಣಿ ಕೂತರು. ಪರಿಣತರು ಅಷ್ಟಾಗಿ ಗಮನಿಸದ ಒಂದು ಪ್ರಯೋಗ ಆಗ ತಾನಾಗಿಯೇ ನಡೆದುಹೋಯಿತು. ಸ್ಮಾರ್ಟ್ ಬೋರ್ಡ್ ಇದ್ದಲ್ಲೇ ಇತ್ತು. ಪ್ರೊಜೆಕ್ಟರ್ ಇತ್ತು. ಸ್ವಯಂ ಇತ್ತು. ಇಲಾಖೆಯ ಆನ್‌ಲೈನ್ ಕಲಿಕಾ ತಾಣದಲ್ಲಿ ವಿಡಿಯೋಗಳಿದ್ದವು. 2021ರಲ್ಲಿ ಹಂಚಿದ ಒಂದೂವರೆ ಲಕ್ಷ ಟ್ಯಾಬುಗಳು ಎಲ್ಲೋ ಇದ್ದವು. ರಾಜ್ಯದ ಎಷ್ಟೋ ಕಾಲೇಜುಗಳಲ್ಲಿ ತರಗತಿ ಮಾತ್ರ ನಡೆಯಲಿಲ್ಲ.

ಮೇಷ್ಟ್ರಿಗೆ ಬೇಕಾದದ್ದು ಏನು ಹಾಗಾದರೆ? ಕಾಲೇಜಿಗೊಬ್ಬ ಮನುಷ್ಯ. ಕರೆದರೆ ಬರುವವನು, ತಿಂಗಳ ಸಂಬಳ ಇರುವವನು, “ನಿಮಗೆ ಯಾವ ಪಾಠ ದಾಟಿಸೋದು ಕಷ್ಟ ಆಗ್ತಿದೆ ಸರ್?” ಎಂದು ಮೊದಲು ಕೇಳುವವನು. ಅರ್ಥಶಾಸ್ತ್ರದವರಿಗೆ ಬೇಡಿಕೆಯ ರೇಖೆ ಸರಿಯುವುದನ್ನು ತೋರಿಸಬೇಕು. ಹಲಗೆಯಲ್ಲಿ ಅಳಿಸಿ ಬರೆದರೆ ಎರಡು ರೇಖೆ ಕಾಣುತ್ತವೆ, ಸರಿಯುವುದು ಕಾಣುವುದಿಲ್ಲ. ಜಿಯೋಜಿಬ್ರಾ ಎಂಬ ತಂತ್ರಾಂಶದಲ್ಲಿ ಒಂದು ಗುಂಡಿ ಎಳೆದರೆ ಕಾಣುತ್ತದೆ, ಕಾಸಿನ ಖರ್ಚಿಲ್ಲ. ಹತ್ತು ಹನ್ನೆರಡು ವರ್ಷಗಳ ಹಿಂದೆ ನಮ್ಮ ರಾಜ್ಯದ ಹೈಸ್ಕೂಲು ಗಣಿತ, ವಿಜ್ಞಾನದ ಮೇಷ್ಟ್ರುಗಳು ವಿಷಯ ಶಿಕ್ಷಕರ ವೇದಿಕೆಗಳಲ್ಲಿ ಇದನ್ನೇ ಕಲಿತರು, ಮುಕ್ತ ತಂತ್ರಾಂಶದಲ್ಲಿ, ಒಬ್ಬರಿಂದೊಬ್ಬರು. ಪಾಠಗಳನ್ನೂ ತಾವೇ ಕಟ್ಟಿ ಹಂಚಿಕೊಂಡರು. ಪದವಿ ಕಾಲೇಜುಗಳ ಯಾವ ಸಭೆಯಲ್ಲೂ ಅದರ ಮಾತು ಎತ್ತಿದವರನ್ನು ನಾನು ಕಂಡಿಲ್ಲ. ಅದರಲ್ಲಿ ಖರೀದಿಸಬೇಕಾದದ್ದು ತೀರಾ ಕಡಿಮೆ ಇತ್ತು. ಅಂಥದ್ದನ್ನು ಯೋಜನೆ ಎಂದು ಒಪ್ಪಿಕೊಳ್ಳುವುದು ಯಾರಿಗಾದರೂ ಕಷ್ಟ.

ಆ ಒಬ್ಬ ಮನುಷ್ಯನಿಗಾಗಿ ಫೈಲು ಕಳಿಸಿ ನೋಡಿ. ಆರ್ಥಿಕ ಇಲಾಖೆಯ ಲೆಕ್ಕದಲ್ಲಿ ಪ್ರೊಜೆಕ್ಟರ್ ಎಂದರೆ ಒಂದು ಸಲದ ವೆಚ್ಚ. ಅನುದಾನ ಬರುತ್ತದೆ, ಟೆಂಡರ್ ಆಗುತ್ತದೆ, ರಿಬ್ಬನ್ ಕತ್ತರಿಸುತ್ತಾರೆ, ಮುಗಿಯಿತು. ಮನುಷ್ಯ ಎಂದರೆ ಆವರ್ತಕ ವೆಚ್ಚ. ಪ್ರತಿ ತಿಂಗಳೂ ಊಟ ಮಾಡುತ್ತಾನೆ, ತುಟ್ಟಿಭತ್ಯೆ ಕೇಳುತ್ತಾನೆ, ಕೊನೆಗೆ ಮುದುಕನೂ ಆಗುತ್ತಾನೆ. ಫೈಲು ಷರಾದೊಂದಿಗೆ ವಾಪಸು ಬರುತ್ತದೆ: ಹುದ್ದೆ ಸೃಜನೆಗೆ ಅವಕಾಶವಿರುವುದಿಲ್ಲ, ಲಭ್ಯವಿರುವ ಸಿಬ್ಬಂದಿಯಲ್ಲೇ ನಿರ್ವಹಿಸತಕ್ಕದ್ದು. ಪ್ರಿನ್ಸಿಪಾಲರು ಲಭ್ಯವಿರುವ ಸಿಬ್ಬಂದಿಯನ್ನು ಕರೆಸಿ ವಿಷಯ ತಿಳಿಸುತ್ತಾರೆ. ಅವನು ಆಗಲಿ ಸರ್ ಎನ್ನುತ್ತಾನೆ. ಅತಿಥಿ ಉಪನ್ಯಾಸಕ, ಸೆಮಿಸ್ಟರ್ ಮುಗಿದ ದಿನವೇ ಅವನ ಆದೇಶವೂ ಮುಗಿಯುತ್ತದೆ. ಕಾಲೇಜಿನ ಪಾಸ್‌ವರ್ಡುಗಳೆಲ್ಲ ಇರುವುದು ಅವನ ಮೊಬೈಲಿನಲ್ಲಿ.